ಮಡಿ ಮುಗಿಯುವುದು ಎಲ್ಲಿ

ತಟ್ಟೆಯಲ್ಲಿ ಹಣ್ಣು, ಹೂವು, ಊದುಬತ್ತಿ ಪೊಟ್ಟಣ ಇಟ್ಟು ಕೊಡದೆ ಅತಿಥಿಯನ್ನು ಕಳಿಸುವ ಪದ್ಧತಿ ಚಾಮರಾಜಪೇಟೆಯ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇರಲಿಲ್ಲ. ಇಂಥ ಉಪಚಾರ ಅಂದರೆ ನನಗೆ ಅಷ್ಟಕ್ಕಷ್ಟೆ. ಆದರೆ ಅವತ್ತು ಆ ತಟ್ಟೆ ಇಲ್ಲದಿದ್ದರೆ ನಾನು ಮಾಡಿದ ಭಾಷಣವೆಲ್ಲ ದಂಡವಾಗುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಒಂದು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಡಾಕ್ಟರು ಕಾಯಿಲೆ ಗುರುತಿಸಿ ಮಾತ್ರೆ ಬರೆದ ಮೇಲೆ ಮನೆಯವರ ಜೊತೆ ಕೂತು ಅದು ಏನು, ಏನಲ್ಲ ಎಂದು ತಿಳಿಸುವುದು ನನ್ನ ಕೆಲಸ. ವರ್ಷಕ್ಕೆ ಕೆಲವು ಸಲ ಶಾಲೆಗಳಿಗೆ ಹೋಗಿ ಟೀಚರುಗಳಿಗೂ ಅದನ್ನೇ ಹೇಳುತ್ತಿದ್ದೆ. ನನಗೆ ಮಾತಾಡಲು ಬರುತ್ತದೆ, ಜನ ಕೇಳುತ್ತಾರೆ ಎಂಬ ಧೈರ್ಯ ಚೆನ್ನಾಗಿಯೇ ಇತ್ತು. ಈಗಲೂ ಇದೆ.

ಅವತ್ತು ಶ್ರಾವಣದ ಒಂದು ಶನಿವಾರ. ಖಿನ್ನತೆ, ಆತಂಕ, ಗೀಳು, ಚಿತ್ತವಿಕಲತೆ, ಇವು ಹದಿಹರೆಯದಲ್ಲಿ ಹೇಗೆ ಶುರುವಾಗುತ್ತವೆ, ಓದಿನಲ್ಲಿ ಹಿಂದೆ ಬೀಳುವವರೆಲ್ಲ ಸೋಮಾರಿಗಳಲ್ಲ, ಹೀಗೆ ಮಧ್ಯಾಹ್ನದವರೆಗೆ ಹೇಳಿದೆ. ಟೀಚರುಗಳು ಗಮನ ಕೊಟ್ಟೇ ಕೇಳಿದರು. ಅನಾಹುತ ಶುರುವಾದದ್ದು ಅದಾದ ಮೇಲೆ. ಹಿಂದಿ ಟೀಚರು ಎದ್ದು ನಿಂತು, "ಮೇಡಂ, ಹಾಗಾದ್ರೆ ನಮ್ಮ ನೈನ್ತ್ ಬಿ ಪೂರ್ತಿ ಡಿಪ್ರೆಶನ್ನೇ. ಒಬ್ಳೂ ಹೋಂವರ್ಕ್ ಮಾಡಲ್ಲ" ಎಂದರು. ಹೊಲಿಗೆ ಟೀಚರಿಗೆ ಇಬ್ಬರು ಹುಡುಗಿಯರ ಮೇಲೆ ಚಿತ್ತವಿಕಲತೆಯ ಅನುಮಾನ ಬಂದಿತ್ತು. ಅವರಿಬ್ಬರೂ ಕ್ಲಾಸಿನಲ್ಲಿ ತಮ್ಮಷ್ಟಕ್ಕೆ ತಾವು ನಗುತ್ತಾರಂತೆ. "ಅವ್ರು ನಗೋದು ನಿಮ್ಮ ಬೆನ್ನ ಹಿಂದೆ ಮೂರನೆಯವಳು ಏನೋ ಮಾಡ್ತಿರ್ತಾಳೆ ಅಂತ" ಎಂದು ನಾನು ಹೇಳಬೇಕಾಯಿತು. ಕಾಯಿಲೆಯ ಹೆಸರುಗಳನ್ನು ಕೊಟ್ಟದ್ದೇ ತಡ, ಸ್ಟಾಫ್ ರೂಮಿನ ಮಂದಿ ಅರ್ಧ ಶಾಲೆಗೆ ಕಾಯಿಲೆ ಹಂಚಿಬಿಟ್ಟಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಆಗ ತಟ್ಟೆ ಬಂತು. ತಂದವಳು ಹತ್ತನೇ ಕ್ಲಾಸಿನ ಹುಡುಗಿ. ಗರಿಗರಿ ಯೂನಿಫಾರಂ, ಎರಡು ಜಡೆ, ಬಿಳಿ ರಿಬ್ಬನ್. "ಇವ್ಳನ್ನ ನೋಡಿ ಕಲೀಬೇಕು ಉಳಿದವ್ರು. ನಮ್ಮ ಸ್ಕೂಲಲ್ಲೇ ಇಷ್ಟು ಶುಭ್ರವಾಗಿರೋ ಮಗು ಇನ್ನೊಂದಿಲ್ಲ" ಎಂದು ಹೆಡ್‌ಮಿಸ್ಟ್ರೆಸ್ ಹೆಮ್ಮೆಯಿಂದ ಹೇಳಿದರು. ಹುಡುಗಿ ತಟ್ಟೆ ಚಾಚಿದಳು. ನಾನು ಹಿಡಿಯಲು ಹೋದಾಗ ನನ್ನ ಬೆರಳು ತಾಗದ ಹಾಗೆ ಅವಳ ಬೆರಳುಗಳು ಅಂಚಿಗೆ ಸರಿದವು. ಆ ಕೈ ನೋಡಿದೆ. ಮಣಿಕಟ್ಟಿನವರೆಗೂ ಚರ್ಮ ಬೆಳ್ಳಗೆ ಬಿರಿದು, ಗೆಣ್ಣುಗಳ ಮೇಲೆ ರಕ್ತ ಒಣಗಿತ್ತು.

"ಏನಮ್ಮ ಕೈಗೆ?"

"ಏನಿಲ್ಲ ಮಿಸ್. ಚಳಿಗೆ."

ಬೆಂಗಳೂರಿನ ಶ್ರಾವಣದಲ್ಲಿ ಕೈ ಒಡೆದು ರಕ್ತ ಬರುವಷ್ಟು ಚಳಿ ಎಲ್ಲಿಂದ ಬರಬೇಕು? ಅವಳು ಹೊರಟ ಮೇಲೆ ನಾನೂ ಕಾರಿಡಾರಿಗೆ ಬಂದೆ. ಅವಳು ನೇರ ನಲ್ಲಿಗೆ ಹೋದಳು. ಜೇಬಿನಿಂದ ಸೋಪಿನ ಡಬ್ಬಿ ತೆಗೆದಳು, ಮೊಣಕೈವರೆಗೆ ತೊಳೆದಳು, ಮೊಣಕೈಯಿಂದಲೇ ನಲ್ಲಿ ತಿರುಗಿಸಿ ನಿಲ್ಲಿಸಿದಳು. ನಲ್ಲಿಯ ಬಾಯಲ್ಲಿ ಉಳಿದಿದ್ದ ಒಂದು ಹನಿ ಅವಳ ಬೆರಳ ಮೇಲೆ ಬಿತ್ತು. ಅವಳು ಒಂದು ಕ್ಷಣ ಅದನ್ನೇ ನೋಡಿ, ಮತ್ತೆ ಸೋಪಿನ ಡಬ್ಬಿ ತೆರೆದು ಮೊದಲಿನಿಂದ ಶುರು ಮಾಡಿದಳು.

ಅವಳ ಕ್ಲಾಸ್ ಟೀಚರು ಗಣಿತದ ಮೇಡಂ. ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಬುದ್ಧಿವಂತೆ ಮೇಡಂ. ಆದ್ರೆ ಪೇಪರ್ ಮುಗಿಸಲ್ಲ" ಎಂದರು ಅವರು. "ಒಂದು ಅಂಕಿ ತಪ್ಪಾದ್ರೆ ಇಡೀ ಪುಟ ಮತ್ತೆ ಬರೀತಾಳೆ. ನಾನೇ ಹೇಳಿಕೊಟ್ಟಿರೋದು, ನನಗೆ ಚಿತ್ತು ಕಾಟು ಆಗಲ್ಲ. ಬೇರೆಯವ್ರು ಯಾರೂ ಕೇಳಲ್ಲ, ಇವಳೊಬ್ಳು ಕೇಳ್ತಾಳೆ."

ಹೇಳುತ್ತ ಹೇಳುತ್ತಲೇ ಅವರ ಮುಖ ಸ್ವಲ್ಪ ಬದಲಾಯಿತು. ತಂದೆ ತಾಯಿಯನ್ನು ಕರೆಸಿದವರು ಅವರೇ.

ತಂದೆ ಬ್ಯಾಂಕಿನಲ್ಲಿ ಅಧಿಕಾರಿ. ತಾಯಿ ಮೆಲ್ಲಗೆ ಮಾತಾಡುವ ಹೆಂಗಸು. ತ್ಯಾಗರಾಜನಗರದಲ್ಲಿ ಸ್ವಂತ ಮನೆ, ಮಹಡಿಯ ಮೇಲೆ ಬಾಡಿಗೆಯವರು. ಅವರು ಮಗಳನ್ನು ಆಸ್ಪತ್ರೆಗೆ ಕರೆತಂದಾಗ ಡಾಕ್ಟರು ಅವಳ ಹತ್ತಿರ ಮಾತಾಡಿ, ಇದು ಗೀಳಿನ ಕಾಯಿಲೆ ಎಂದು ಮಾತ್ರೆ ಶುರು ಮಾಡಿದರು. ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ನಾನು ಒಂದೊಂದಾಗಿ ಕೇಳುತ್ತಾ ಹೋದೆ. ಈ ಕೆಲಸದಲ್ಲಿ ನನಗೆ ಅವಸರವಿಲ್ಲ. ಕಾವೇರಿ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ. ಹುಡುಗಿ ಬಚ್ಚಲಿಗೆ ಹೋದರೆ ಟ್ಯಾಂಕು ಖಾಲಿಯಾಗಿ ಬಾಡಿಗೆಯವರು ಕೂಗಾಡುತ್ತಿದ್ದರು. ನಲ್ಲಿಯನ್ನು ಅವಳು ಮುಟ್ಟಬಾರದೆಂದು ತಂದೆ ಪಕ್ಕದಲ್ಲಿ ನಿಂತು ತಿರುಗಿಸಿ ಕೊಡುತ್ತಿದ್ದರು. "ಅಮ್ಮಾ, ಶುದ್ಧ ಆಯ್ತಾ?" ಎಂದು ಅವಳು ಕೇಳಿದಾಗಲೆಲ್ಲ ತಾಯಿ "ಆಯ್ತು ಕಂದ" ಎನ್ನಬೇಕು. ಎನ್ನುವ ದನಿ ಸರಿಯಿಲ್ಲದಿದ್ದರೆ ಅವಳು ಮತ್ತೆ ಕೇಳುತ್ತಿದ್ದಳು.

"ಇದು ಎಷ್ಟು ದಿನದಿಂದ?" ಎಂದೆ.

"ಎರಡು ಮೂರು ವರ್ಷ ಆಯ್ತೇನೋ ಮೇಡಂ. ನಮ್ಮತ್ತೆ ತುಂಬಾ ಮಡಿ. ಇವಳೂ ಅಜ್ಜಿ ಥರಾನೇ ಅಂತ ನಾವು…" ತಾಯಿ ಅಲ್ಲಿಗೆ ನಿಲ್ಲಿಸಿದರು.

ನನಗೆ ಆಗ ಪೂರ್ತಿ ಚಿತ್ರ ಕಂಡಿತು. ಬೇರೆ ಯಾವ ಮನೆಯಲ್ಲಾದರೂ ಈ ಮಗುವನ್ನು ಆರು ತಿಂಗಳೊಳಗೆ ಡಾಕ್ಟರ ಹತ್ತಿರ ಕರೆದುಕೊಂಡು ಬರುತ್ತಿದ್ದರು. ಈ ಮನೆಯಲ್ಲಿ ಅದಕ್ಕೆ ಮಡಿ ಎಂಬ ಹೆಸರು ಮೊದಲೇ ಇತ್ತು. ಬಂದ ನೆಂಟರಿಗೆಲ್ಲ "ಈ ಕಾಲದಲ್ಲೂ ಎಷ್ಟು ಆಚಾರ ನೋಡಿ ಈ ಮಗೂಗೆ" ಎಂದು ಅಜ್ಜಿ ತೋರಿಸುತ್ತಿದ್ದರು. ಶಾಲೆಯಲ್ಲಿ ಅದಕ್ಕೆ ಶುಭ್ರತೆ ಎಂಬ ಹೆಸರಿಟ್ಟು ಅತಿಥಿಗಳಿಗೆ ತೋರಿಸುತ್ತಿದ್ದರು. ಎರಡೂ ಕಡೆ ಹೊಗಳಿಸಿಕೊಂಡು ಮಗು ಕೈ ಸುಲಿದುಕೊಳ್ಳುತ್ತಿತ್ತು.

ಸೊಳ್ಳೆ ಕಚ್ಚಿದ ಜಾಗದ ಉದಾಹರಣೆ ಕೊಟ್ಟು ತಂದೆ ತಾಯಿಗೆ ಹೇಳಿದೆ. ಕೆರೆದರೆ ಆ ಕ್ಷಣಕ್ಕೆ ಹಿತ, ಆಮೇಲೆ ನವೆ ಇನ್ನೂ ಜಾಸ್ತಿ. ಕೆರೆಯದೆ ಬಿಟ್ಟರೆ ಸ್ವಲ್ಪ ಹೊತ್ತು ಪ್ರಾಣ ಹೋಗುತ್ತದೆ, ಮತ್ತೆ ತಾನಾಗಿ ಇಳಿಯುತ್ತದೆ. ತೊಳೆಯುವುದು, "ಶುದ್ಧ ಆಯ್ತಾ" ಎಂದು ಕೇಳುವುದು, ಎರಡೂ ಕೆರೆತವೇ. ಅವಳ ಒಪ್ಪಿಗೆಯಿಂದ ಒಂದೊಂದನ್ನೇ ನಿಧಾನವಾಗಿ ಬಿಡಿಸಬೇಕು, ಬಲವಂತ ಕೂಡದು ಎಂದು ಒತ್ತಿ ಹೇಳಿದೆ. ತಂದೆ ಬುದ್ಧಿವಂತರು, ಎಲ್ಲಕ್ಕೂ ತಲೆಯಾಡಿಸಿದರು. ಬುದ್ಧಿವಂತರ ತೊಂದರೆ ಏನೆಂದರೆ ಮುಂದಿನದು ತಮಗೆ ಗೊತ್ತು ಎಂದುಕೊಳ್ಳುತ್ತಾರೆ.

ಅವರು ಮನೆಗೆ ಹೋಗಿ ತಮ್ಮ ತಾಯಿಯ ಎದುರು ನಿಂತು, "ನಿನ್ನ ಮಡಿಯಿಂದಲೇ ನನ್ನ ಮಗಳು ಹುಚ್ಚಿಯಾಗಿದ್ದು" ಎಂದರು. ಮಡಿ ಸೀರೆ ಒಣಗಿಸುವ ಗಳವನ್ನು ಕಿತ್ತು ಹಾಕಿದರು. ಬಚ್ಚಲಿಗೆ ಬೀಗ ಹಾಕಿ ಬೀಗದ ಕೈ ತಾವೇ ಇಟ್ಟುಕೊಂಡರು. ಅಜ್ಜಿ ಒಂದು ಮಾತೂ ಆಡದೆ ಹಿಂದಿನ ಕೋಣೆಗೆ ಸೇರಿ, ಒಂದು ಸ್ಟವ್ ಇಟ್ಟುಕೊಂಡು ತಮ್ಮ ಅಡುಗೆ ತಾವೇ ಮಾಡಿಕೊಳ್ಳತೊಡಗಿದರು. ಹುಡುಗಿ ತೊಳೆಯಲು ಆಗದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು, ಕುಡಿದರೆ ಬಚ್ಚಲಿಗೆ ಹೋಗಬೇಕಲ್ಲ ಎಂದು. ಯಾವುದೂ ತಗುಲದ ಹಾಗೆ ಹಾಲ್ ಮಧ್ಯದಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ದೀಪಾವಳಿ ರಜೆ ಮುಗಿದರೂ ಶಾಲೆಗೆ ಹೋಗಲಿಲ್ಲ.

ತಂದೆ ಅವಳನ್ನು ಎತ್ತಿಕೊಂಡೇ ಆಸ್ಪತ್ರೆಗೆ ಬಂದರು. ನನಗೆ ಅವರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಮನುಷ್ಯ ಅಳುತ್ತಿದ್ದರು. ಅಳುವವರಿಗೆ ಬೈಯುವುದು ನನ್ನಿಂದ ಆಗುವುದಿಲ್ಲ. "ಮೊದಲು ಬೀಗ ತೆಗೀರಿ" ಎಂದಷ್ಟೇ ಹೇಳಿದೆ.

ಡ್ರಿಪ್ ಹಾಕಿ ಮಲಗಿಸಿದ್ದಾಗ ಹುಡುಗಿ ನನ್ನ ಹತ್ತಿರ ಮೊದಲ ಸಲ ಬಾಯಿ ಬಿಟ್ಟಳು. ಚಿಕ್ಕವಳಿದ್ದಾಗ ಒಂದು ದಿನ ಶಾಲೆಯಿಂದ ಬಂದವಳು ಅಜ್ಜಿಯ ಮಡಿ ಸೀರೆಯನ್ನು ಮುಟ್ಟಿದ್ದಳಂತೆ. ಯಾರಿಗೂ ಹೇಳಿರಲಿಲ್ಲ. ಅಜ್ಜಿ ಅದನ್ನೇ ಉಟ್ಟು ದೇವರಿಗೆ ನೈವೇದ್ಯ ಮಾಡಿದರು. ಅದೇ ವಾರ ತಾತ ತೀರಿಹೋದರು.

"ನಾನು ಮುಟ್ಟಿದ್ದಕ್ಕೇ ತಾತ ಹೋಗಿದ್ದು. ಈಗ ಅಜ್ಜಿನೂ ನನ್ನಿಂದ ಮಾತು ಬಿಟ್ರು" ಎಂದಳು.

"ಇದನ್ನ ಅಜ್ಜಿಗೆ ಹೇಳ್ಲಾ?" ಎಂದು ಕೇಳಿದೆ. ಹೂಂ ಎಂದಳು.

ಅಷ್ಟರಲ್ಲಿ ಶಾಲೆಯಿಂದ ಇನ್ನೊಂದು ಬಿಸಿ. ಹಾಜರಿ ಕಡಿಮೆಯಾಗಿತ್ತು. ಹೀಗೇ ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸುವಂತಿಲ್ಲ. ವೈದ್ಯರ ಸರ್ಟಿಫಿಕೇಟು ಕೊಟ್ಟರೆ ಹೆಡ್‌ಮಿಸ್ಟ್ರೆಸ್ ಶಿಫಾರಸು ಮಾಡಬಹುದು. ಆದರೆ ಮನೋರೋಗದ ಸರ್ಟಿಫಿಕೇಟು ಶಾಲೆಯಲ್ಲಿ ಉಳಿದರೆ ನಾಳೆ ಮಗಳಿಗೆ ಗಂಡು ಸಿಗುತ್ತಾನೆಯೇ ಎಂದು ತಂದೆ ಹಿಂಜರಿದರು. ಈ ವರ್ಷ ಬಿಡಿಸಿಬಿಡುತ್ತೇನೆ, ಎಂದಾದರೂ ಮನೆಯಿಂದಲೇ ಪರೀಕ್ಷೆಗೆ ಕಟ್ಟಿಸಿದರಾಯಿತು ಎಂದರು. ಹಾಗೆ ಬಿಡಿಸಿದ ಮಕ್ಕಳನ್ನು ನಾನು ನೋಡಿದ್ದೇನೆ. ಈ ಹುಡುಗಿ ಒಂದು ವರ್ಷ ಮನೆಯಲ್ಲಿ ಕೂತರೆ ಆ ಸ್ಟೂಲಿನಿಂದ ಕೆಳಗಿಳಿಯುವುದು ಕಷ್ಟ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಹೆಡ್‌ಮಿಸ್ಟ್ರೆಸ್ ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿದರು. "ಜಾಂಡೀಸ್ ಅಂತ ಬರೆಸ್ಕೊಂಡ್ಬನ್ನಿ. ಎಲ್ರೂ ಅದೇ ಮಾಡ್ತಾರೆ."

"ಜಾಂಡೀಸ್ ಅಂತ ಬರೆಸಿದ್ರೆ ನಿಮ್ಮ ಟೀಚರ್ಸ್ ಅವಳಿಗೆ ಎಣ್ಣೆ ತಿನ್ಬೇಡ ಅಂತಾರೆ. ನನಗೆ ಬೇಕಿರೋದು ಅದಲ್ಲ" ಎಂದೆ. ಅವರಿಗೆ ನಗು ಬಂತು, ಆದರೆ ಒಪ್ಪಲಿಲ್ಲ.

ನಾನು ನಿರ್ಧಾರ ಮಾಡಿದ್ದು ಆ ವಾರ. ಮನೆಯಲ್ಲಿ ಎಲ್ಲರೂ ಯಾರನ್ನು ದೂರ ಇಟ್ಟಿದ್ದರೋ ಅವರನ್ನೇ ಚಿಕಿತ್ಸೆಯ ಒಳಕ್ಕೆ ತರಬೇಕು ಎನ್ನಿಸಿತು. ಡಾಕ್ಟರಿಗೆ ಇದು ಹಿಡಿಸಲಿಲ್ಲ. "ಅಜ್ಜಿನ ಸೇರಿಸ್ಕೊಂಡ್ರೆ ಕಾಯಿಲೆಗೇ ಬಲ ಬರುತ್ತಲ್ಲಮ್ಮ" ಎಂದರು. ನಾನು ಬಿಡಲಿಲ್ಲ. "ಸರ್, ಶುದ್ಧ ಆಯ್ತು ಅಂತ ನಾನು ಹೇಳಿದ್ರೆ ಆ ಹುಡುಗಿ ನಂಬಲ್ಲ, ನೀವು ಹೇಳಿದ್ರೂ ನಂಬಲ್ಲ. ಆ ಮನೇಲಿ ಅದನ್ನ ಹೇಳೋ ಅಧಿಕಾರ ಇರೋದು ಒಬ್ರಿಗೇ." ಅವರು ಸ್ವಲ್ಪ ಯೋಚಿಸಿ, "ಹೋಗಿ ಬಾ, ಕೆಟ್ರೆ ನನ್ಹತ್ರ ಬರ್ಬೇಡ" ಎಂದರು. ಅದು ಅವರ ಒಪ್ಪಿಗೆ.

ತ್ಯಾಗರಾಜನಗರದ ಮನೆಗೆ ಒಬ್ಬಳೇ ಹೋದೆ. ಅಜ್ಜಿ ಹಿತ್ತಲ ವರಾಂಡದಲ್ಲಿ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ಸಣ್ಣ ಮೈಕಟ್ಟು, ದೊಡ್ಡ ಕನ್ನಡಕ.

"ನೀನೇ ಏನು ಆ ಆಸ್ಪತ್ರೆಯವಳು?"

"ಹೌದು ಅಜ್ಜಿ."

"ನನಗೂ ಮಾತ್ರೆ ಕೊಡಕ್ಕೆ ಬಂದ್ಯಾ?"

"ಇಲ್ಲ. ಮಡಿ ಅಂದ್ರೆ ಏನು ಅಂತ ಹೇಳಿಸ್ಕೊಳ್ಳಕ್ಕೆ ಬಂದೆ. ನನಗೆ ಸರಿಯಾಗಿ ಗೊತ್ತಿಲ್ಲ."

ಬತ್ತಿ ಹೊಸೆಯುವ ಬೆರಳು ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗೇಲಿ ಮಾಡಲು ಬಂದಿಲ್ಲ ಎಂದು ಗಟ್ಟಿಯಾದ ಮೇಲೆ ಹೇಳತೊಡಗಿದರು. ಹಿಂದಿನ ದಿನವೇ ಒಗೆದು ಯಾರೂ ಮುಟ್ಟದಂತೆ ಗಳದ ಮೇಲೆ ಕೋಲಿನಿಂದ ಹರವಿದ ಸೀರೆ, ಬೆಳಿಗ್ಗೆ ಸ್ನಾನ ಮಾಡಿ ಅದನ್ನು ಉಡುವುದು, ಅಡುಗೆ, ನೈವೇದ್ಯ, ಊಟ. ಅಷ್ಟು ಮುಗಿಯುವ ತನಕ ಮಡಿಯಲ್ಲಿಲ್ಲದವರು ಯಾರೂ ಮುಟ್ಟುವಂತಿಲ್ಲ.

"ಉಟ್ಟ ಮೇಲೆ, ಸರಿಯಾಗಿ ಆಯ್ತೋ ಇಲ್ವೋ ಅಂತ ಅನುಮಾನ ಬರಲ್ವಾ ಅಜ್ಜಿ?"

"ಯಾಕ್ ಬರುತ್ತೆ? ಸ್ನಾನ ಆಯ್ತು, ಉಟ್ಟಾಯ್ತು. ಆಯ್ತು ಅಂದ್ರೆ ಆಯ್ತು."

"ಯಾರೋ ತಗುಲಿದ್ರೋ ಏನೋ ಅನ್ನಿಸಿದ್ರೆ?"

"ತಗುಲಿದ್ದು ಗೊತ್ತಾದ್ರೆ ಮೈಲಿಗೆ. ಗೊತ್ತಾಗದೆ ಇದ್ರೆ ಇಲ್ಲ. ಅನುಮಾನಕ್ಕೆಲ್ಲ ಸ್ನಾನ ಮಾಡ್ತಾ ಕೂತ್ರೆ ಅಡುಗೆ ಮಾಡೋರ್ ಯಾರೇ?"

"ನೀರೇ ಬರದೆ ಇದ್ದ ದಿನ?"

"ಧಾಬಳಿ ಇದ್ಯಲ್ಲ, ಉಣ್ಣೆ ಬಟ್ಟೆ. ಅದನ್ನ ದಿನಾ ನೆನೆಸೋ ಹಾಗೂ ಇಲ್ಲ, ಒಗೆಯೋ ಹಾಗೂ ಇಲ್ಲ. ಉಟ್ರೆ ಮಡಿ. ದೊಡ್ಡೋರು ಎಲ್ಲಕ್ಕೂ ಒಂದು ದಾರಿ ಇಟ್ಟಿದಾರೆ."

"ಪುಸ್ತಕಕ್ಕೆ ಮೈಲಿಗೆ ಉಂಟಾ?"

"ಬಿಡ್ತು ಅನ್ನು. ಸರಸ್ವತಿಗೆ ಏನೇ ಮೈಲಿಗೆ?"

"ಪುಟ್ಟಿ ಪುಸ್ತಕ ಮುಟ್ಟಿ ಕೈ ತೊಳೀತಾಳೆ ಅಜ್ಜಿ. ಆಮೇಲೆ ನಲ್ಲಿ ತೊಳೀತಾಳೆ. ಆಮೇಲೆ ನಲ್ಲಿ ತೊಳೆದ ಕೈ ತೊಳೀತಾಳೆ."

ಅವರು ಬತ್ತಿಯ ತಟ್ಟೆಯನ್ನು ಪಕ್ಕಕ್ಕಿಟ್ಟರು. "ಮಡೀಲಿ ಅಡುಗೆ ಮುಗಿಸಿ, ದೇವ್ರಿಗಿಟ್ಟು, ಎರಡು ತುತ್ತು ಉಂಡ್ಮೇಲೆ ಹಾಯಾಗಿರುತ್ತೆ ಕಣೆ ನನಗೆ" ಎಂದರು. "ಆ ಹಾಯಿ ಅವಳ ಮುಖದಲ್ಲಿ ಒಂದು ದಿನಾನೂ ಕಾಣ್ಲಿಲ್ಲ. ತೊಳೆದಷ್ಟೂ ಹೆದರಿಕೊಳ್ತಿತ್ತು ಮಗು. ನೋಡ್ತಾನೇ ಇದ್ದೆ. ನನ್ನ ಥರಾನೇ ಆಗ್ತಿದಾಳೆ ಅನ್ನೋ ಜಂಬ ನನಗೆ."

ನಾನು ಶಾಲೆ ಶಾಲೆ ಸುತ್ತಿ ದೊಡ್ಡ ದೊಡ್ಡ ಹೆಸರು ಹೇಳಿ ತಿಳಿಸಲು ಒದ್ದಾಡುತ್ತಿದ್ದ ವಿಷಯ ಇದೇ. ಮಾಡಿದ ಮೇಲೆ ಹಾಯಿ ಸಿಕ್ಕರೆ ಅದು ರೂಢಿ, ಭಯ ಬೆಳೆದರೆ ಅದು ಗೀಳು. ಆಮೇಲೆ ತಾತನ ವಿಷಯ ಹೇಳಿದೆ. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವ್ರಾ? ಸಕ್ಕರೆ ಕಾಯಿಲೆ ಇಟ್ಕೊಂಡು ಗಾಂಧಿಬಜಾರಿಗೆ ಹೋಗಿ ಕದ್ದು ಜಾಮೂನು ತಿಂತಿದ್ರು. ಅವ್ರು ಹೋಗಿದ್ದು ಅದಕ್ಕೆ. ಅಯ್ಯೋ, ಈ ಕೂಸು ಅದನ್ನ ತನ್ನ ತಲೆ ಮೇಲೆ ಹೊತ್ಕೊಂಡಿತ್ತಾ?"

ಅವತ್ತೇ ಅವರು ಹಿಂದಿನ ಕೋಣೆಯಿಂದ ಹೊರಬಂದರು. ಮರುವಾರ ಹುಡುಗಿಯ ಪಕ್ಕ ಕೂತು ತಾತನ ಜಾಮೂನಿನ ಕಥೆ ಹೇಳಿದರು. ಒಂದೇ ಸಲ ಹೇಳಬೇಕು, ಅವಳು ಮತ್ತೆ ಮತ್ತೆ ಕೇಳಿದರೆ ಹೇಳಬಾರದು ಎಂದು ನಾನು ಮೊದಲೇ ಪಾಠ ಮಾಡಿದ್ದೆ. ಸಮಾಧಾನವನ್ನು ಸಾರಿ ಸಾರಿ ಹೇಳಿದರೆ ಅದೂ ಕೆರೆತವೇ. ಎರಡನೇ ಸಲ ಕೇಳಿದಾಗ ಅಜ್ಜಿ, "ಕೇಳಿದೀಯ" ಎಂದಷ್ಟೇ ಅಂದರು. ಆ ಮಾತು ಆಮೇಲೆ ಆ ಮನೆಯಲ್ಲಿ ಎಲ್ಲರ ಬಾಯಿಗೂ ಬಂತು.

ಆಮೇಲೆ ನಿಜವಾದ ಕೆಲಸ. ಹುಡುಗಿಯನ್ನು ಕೂರಿಸಿಕೊಂಡು ಒಂದು ಏಣಿಯ ಚಿತ್ರ ಬರೆದೆವು. ತೀರ ಕಡಿಮೆ ಭಯವಾಗುವುದು ಕೆಳಗಿನ ಮೆಟ್ಟಿಲಲ್ಲಿ, ಹೆಚ್ಚು ಭಯದ್ದು ಮೇಲೆ. ಪುಸ್ತಕ ಮುಟ್ಟಿ ಕೈ ತೊಳೆಯದೆ ಕೂರುವುದು ಕೆಳಗೆ. ಚಪ್ಪಲಿ ಮುಟ್ಟುವುದು ಅದರ ಮೇಲೆ. ಬಸ್ಸಿನ ಕಂಬಿ ಹಿಡಿಯುವುದು ಇನ್ನೂ ಮೇಲೆ. ತುತ್ತತುದಿಯಲ್ಲಿ ಏನು ಎಂದು ಕೇಳಿದೆ. "ಅಜ್ಜಿ ಮಡೀಲಿದ್ದಾಗ ಮುಟ್ಟೋದು" ಎಂದು ಪಿಸುಗುಟ್ಟಿದಳು. ಬರೆದೆ, ಆಮೇಲೆ ನಾನೇ ಅಳಿಸಿದೆ. ಅದನ್ನು ಆ ಅಜ್ಜಿಯಿಂದ ಕೇಳುವ ಹಕ್ಕು ನನಗಿರಲಿಲ್ಲ. ಅಷ್ಟು ಮೇಲೆ ಹೋಗದೆಯೂ ಪರೀಕ್ಷೆ ಬರೆಸಬಲ್ಲೆ ಎಂಬ ನಂಬಿಕೆ ಇತ್ತು. ಅಳಿಸಿದ ಗುರುತನ್ನು ಪಕ್ಕದಲ್ಲಿದ್ದ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು.

ಸ್ನಾನಕ್ಕೆ ಒಂದು ಬಕೆಟ್ಟು ನೀರು ಎಂದು ಗೊತ್ತು ಮಾಡಿದೆವು. ಬಕೆಟ್ಟು ಖಾಲಿಯಾದಾಗ ಬಾಗಿಲ ಹೊರಗಿನಿಂದ ಅಜ್ಜಿ "ಆಯ್ತು" ಎನ್ನುತ್ತಿದ್ದರು. ಹುಡುಗಿ ಒಳಗೆ ಅಳುತ್ತಿದ್ದಳು, ಬೈಯುತ್ತಿದ್ದಳು, ಒಂದು ದಿನ ತಂಬಿಗೆ ಎತ್ತಿ ಬಾಗಿಲಿಗೆ ಹೊಡೆದಳು. ಅಜ್ಜಿ ಕದಲಲಿಲ್ಲ. ತಾಯಿ ಓಡಿ ಬಂದರೆ ಅವರನ್ನೇ ಗದರಿ ಕಳಿಸಿದರು. ದಿನ ಕಳೆದಂತೆ ಅಳು ಇಳಿಯಿತು. ಮಾತ್ರೆಯೂ ಅಷ್ಟು ಹೊತ್ತಿಗೆ ಹಿಡಿದಿತ್ತು, ಅದರ ಪಾಲನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಶಾಲೆಯ ಕಡೆ ನನಗೆ ಸಿಕ್ಕವರು ಗಣಿತದ ಮೇಡಂ. ಅವರಿಗೂ ಒಂದು ಏಣಿ ಕೊಟ್ಟೆ. ಹುಡುಗಿ ದಿನಕ್ಕೊಂದು ಲೆಕ್ಕದಲ್ಲಿ ಬೇಕೆಂದೇ ತಪ್ಪು ಮಾಡಿ, ಹೊಡೆದು ಹಾಕಿ, ಮುಂದಕ್ಕೆ ಬರೆಯಬೇಕು. ಮೇಡಂ ಆ ಚಿತ್ತಿನ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಬೇಕು.

"ಚಿತ್ತಿಗೆ ರೈಟಾ?" ಮೇಡಂ ಕಿವಿ ಮುಚ್ಚಿಕೊಂಡರು. "ನನ್ನ ಸರ್ವೀಸಲ್ಲೇ ಹಾಕಿಲ್ಲ!"

"ಅವಳಿಗಿಂತ ನಿಮಗೇ ಕಷ್ಟ ಆಗೋ ಹಾಗಿದೆ" ಎಂದೆ. ಅವರು ನಕ್ಕರು. ಮೊದಲ ದಿನ ಕಣ್ಣು ಮುಚ್ಚಿಕೊಂಡು ಗುರುತು ಹಾಕಿದೆ ಎಂದು ಆಮೇಲೆ ಒಪ್ಪಿಕೊಂಡರು.

ಎಲ್ಲವೂ ನೇರ ಮೇಲಕ್ಕೆ ಹೋಯಿತು ಎಂದೇನಲ್ಲ. ಸಂಕ್ರಾಂತಿಯ ದಿನ ಎಳ್ಳು ಬೀರಲು ಬೀದಿಯ ಮನೆಗಳಿಗೆ ಹೋಗುವುದನ್ನು ಅಭ್ಯಾಸವಾಗಿ ಇಟ್ಟಿದ್ದೆವು. ಕಂಡವರ ಕೈಯಿಂದ ಎಳ್ಳು ಬೆಲ್ಲ ತೆಗೆದುಕೊಂಡು ತಿನ್ನಬೇಕು, ಕೈ ತೊಳೆಯುವಂತಿಲ್ಲ. ಮೂರು ಮನೆ ಚೆನ್ನಾಗಿ ಆಯಿತು. ನಾಲ್ಕನೆಯ ಮನೆಯಲ್ಲಿ ಯಾರೋ ಮುದುಕರು ಕೆಮ್ಮಿದರು. ಅವಳು ತಟ್ಟೆ ಬಿಟ್ಟು ಮನೆಗೆ ಓಡಿಬಂದು ಬಚ್ಚಲು ಸೇರಿದಳು. ಒಂದು ವಾರ ಮತ್ತೆ ಹಳೆಯ ಕಥೆ. ತಂದೆ ಫೋನು ಮಾಡಿ, "ಎಲ್ಲಾ ಹೋಯ್ತು ಮೇಡಂ, ಬಿಡಿಸಿಬಿಡ್ತೀನಿ" ಎಂದರು. "ಮೂರು ಮನೆ ಆಯ್ತಲ್ಲ ಸಾರ್, ಅದನ್ನ ಯಾಕೆ ಬಿಟ್ಟು ಹೇಳ್ತೀರಿ?" ಎಂದೆ. ಏಣಿಯಲ್ಲಿ ಎರಡು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತಿದೆವು.

ಸರ್ಟಿಫಿಕೇಟಿನ ಗಂಟು ಇನ್ನೂ ಹಾಗೇ ಇತ್ತು. ಕೊನೆಗೆ ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ತಂದೆ, ನಾನು, ಗಣಿತದ ಮೇಡಂ ಕೂತಿದ್ದಾಗ ಅಜ್ಜಿಯೂ ಬಂದಿದ್ದರು. ಜಾಂಡೀಸಿನ ಮಾತು ಮತ್ತೆ ಎದ್ದಿತು. ತಂದೆ ಹೆಚ್ಚುಕಡಿಮೆ ಒಪ್ಪಿಕೊಂಡಿದ್ದರು.

"ಇರೋದನ್ನೇ ಬರೆಸೋ" ಎಂದರು ಅಜ್ಜಿ.

"ಅಮ್ಮಾ, ನಾಳೆ ಯಾರಾದ್ರೂ ಕೇಳಿದ್ರೆ?"

"ಸುಳ್ಳು ಬರೆಸಿ ಮಗೂನ ಪರೀಕ್ಷೆಗೆ ಕಳಿಸ್ತೀಯಾ? ಮೈಲಿಗೆ ಅಂದ್ರೆ ಅದು ಕಣೋ. ಜ್ವರ ಬಂದ್ರೆ ಜ್ವರ ಅಂತೀವಿ. ಇದಕ್ಕೂ ಹೆಸರಿದೆ, ಔಷಧಿ ಇದೆ. ಈ ಹುಡುಗಿ ಇಷ್ಟು ದಿನ ನನಗೆ ಅದನ್ನೇ ಹೇಳಿಕೊಟ್ಟಿದ್ದು." ಹುಡುಗಿ ಎಂದರೆ ನಾನು. ನನಗಾಗಲೇ ನಲವತ್ತರ ಹತ್ತಿರ ಹತ್ತಿರ ವಯಸ್ಸು, ಆದರೂ ಎದೆ ಉಬ್ಬಿತು.

ಹೆಡ್‌ಮಿಸ್ಟ್ರೆಸ್ ಏನೋ ಹೇಳಲು ಬಾಯಿ ತೆರೆದರು. ಅವರಿಗಿಂತ ಮೊದಲು ಗಣಿತದ ಮೇಡಂ, "ಕಳಿಸಿ ಮೇಡಂ. ಅವಳು ಬರೀತಾಳೆ, ನಾನು ನೋಡಿದೀನಿ" ಎಂದರು. ತಂದೆ ಆಗಲಿ ಎಂದರು. ಕಾಯಿಲೆಯ ನಿಜವಾದ ಹೆಸರಿನೊಂದಿಗೆ ಶಿಫಾರಸು ಹೋಯಿತು, ಒಪ್ಪಿಗೆಯೂ ಬಂತು.

ಆ ಶಾಲೆಯಲ್ಲಿ ನಾನು ಎರಡನೆಯ ಸಲ ಮಾತಾಡಿದ್ದು ಫೆಬ್ರವರಿಯಲ್ಲಿ. ಈ ಸಲ ಟೀಚರುಗಳ ಜೊತೆ ತಂದೆ ತಾಯಂದಿರನ್ನೂ ಕೂರಿಸಿದೆವು. ಕಾಯಿಲೆಗಳ ಹೆಸರನ್ನು ಸಾಲಾಗಿ ಒಪ್ಪಿಸಲಿಲ್ಲ. ಯಾವ ಮಗುವಿನ ಮೇಲೂ ಹೆಸರು ಹಚ್ಚುವ ಮೊದಲು, ಅದು ಈ ಕೆಲಸ ಮಾಡಿದ ಮೇಲೆ ಹಾಯಾಗಿದೆಯೋ ಇನ್ನಷ್ಟು ಹೆದರಿದೆಯೋ, ಮೊದಲಿದ್ದ ಹಾಗೆ ಇದೆಯೋ ಬದಲಾಗಿದೆಯೋ ನೋಡಿ ಎಂದೆ. ನೀವು ಹೊಗಳುವ ಮಗುವನ್ನೂ ನೋಡಿ ಎಂದೆ. ಹಿಂದಿನ ಬೆಂಚಿನಲ್ಲಿ ಅಜ್ಜಿ ಕೂತಿದ್ದರು. ಹಿಂದಿ ಟೀಚರು ನೈನ್ತ್ ಬಿ ಬಗ್ಗೆ ಏನೂ ಕೇಳಲಿಲ್ಲ. ಮಾತು ಮುಗಿದ ಮೇಲೆ ಒಬ್ಬ ಹುಡುಗಿಯ ಬಗ್ಗೆ ಮಾತ್ರ ಮೆಲ್ಲಗೆ ಕೇಳಿದರು. ಅವಳು ಹೊಸ ವರ್ಷದಿಂದ ಊಟದ ಡಬ್ಬಿ ತೆರೆಯುವುದನ್ನೇ ಬಿಟ್ಟಿದ್ದಾಳಂತೆ, ಗೆಳತಿಯರ ಜೊತೆ ಮಾತೂ ಇಲ್ಲವಂತೆ. ನನಗೆ ಬೇಕಾಗಿದ್ದದ್ದು ಇಂಥ ಪ್ರಶ್ನೆ. ಕುಣಿದಾಡುವಷ್ಟು ಸಂತೋಷವಾಯಿತು.

ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಬರೆಯುವುದಕ್ಕಿಂತ ಮನೆಯಿಂದ ಹೊರಡುವುದೇ ಅವಳಿಗೆ ದೊಡ್ಡ ಪರೀಕ್ಷೆ ಎಂದು ಗೊತ್ತಿತ್ತು. ತಂದೆ ಗೇಟಿನ ಹತ್ತಿರ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡಿದ್ದರು. ಹುಡುಗಿ ಒಂದೇ ಬಕೆಟ್ಟಿನ ಸ್ನಾನ ಮುಗಿಸಿ, ಯೂನಿಫಾರಂ ಹಾಕಿ, ಬ್ಯಾಗು ತಗಲಿಸಿಕೊಂಡು ಹಾಲಿನಲ್ಲಿ ನಿಂತಿದ್ದಳು. ಗಳ ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಅಜ್ಜಿ ಮಡಿ ಸೀರೆ ಉಟ್ಟು ಅಡುಗೆಮನೆಯ ಹೊಸ್ತಿಲಲ್ಲಿದ್ದರು. ಹುಡುಗಿ ರೂಢಿಯಂತೆ ದೂರದಿಂದಲೇ ಕೈ ಮುಗಿದಳು. ಆಮೇಲೆ ಬಾಗಿಲವರೆಗೆ ಹೋಗಿ ಚಪ್ಪಲಿ ಮೆಟ್ಟಿ, ಅದರ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದಳು. ಮೇಲೆದ್ದವಳು ತನ್ನ ಬೆರಳುಗಳನ್ನು ನೋಡಿಕೊಂಡು ನಿಂತುಬಿಟ್ಟಳು.

"ಕೈ ತೊಳ್ಕೊಂಡ್ಬರ್ಲಾ?"

ತಾಯಿ ನನ್ನ ಮುಖ ನೋಡಿದರು. ಹುಡುಗಿಯ ಕಣ್ಣು ಬಚ್ಚಲ ಕಡೆ ತಿರುಗಿತು. ಅವಳು ಒಂದು ಸಲ ಒಳಗೆ ಹೋದರೆ ಪರೀಕ್ಷೆಯ ಹೊತ್ತಿಗೆ ಹೊರಗೆ ಬರುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹೊರಗೆ ಸ್ಕೂಟರಿನ ಹಾರ್ನ್ ಕೇಳಿಸಿತು.

ಅಜ್ಜಿ ಹೊಸ್ತಿಲು ದಾಟಿದರು. ಮಡಿಯಲ್ಲೇ ಹಾಲಿನ ಉದ್ದಕ್ಕೂ ನಡೆದು ಬಂದು, ಚಪ್ಪಲಿ ಮುಟ್ಟಿದ ಆ ಎರಡು ಕೈಗಳನ್ನೂ ತಮ್ಮ ಕೈಗಳಲ್ಲಿ ಹಿಡಿದುಕೊಂಡರು.

"ಅತ್ತೆ, ಮಡಿ!" ಎಂದು ತಾಯಿ ಕೂಗಿದರು.

"ಗೊತ್ತು. ಹೋಯ್ತು." ಅಜ್ಜಿ ಕೈ ಬಿಡಲಿಲ್ಲ. ಹುಡುಗಿ ಗಡಗಡ ನಡುಗುತ್ತಿದ್ದಳು. ಅವರು ಅವಳ ಕೈಗಳನ್ನು ತಮ್ಮ ಕೆನ್ನೆಗೂ ಒತ್ತಿಕೊಂಡರು. "ನೋಡು, ಮೈಲಿಗೆ ಆಯ್ತು. ಏನಾಯ್ತು ಈಗ? ನಾನು ಒಂದು ಸಲ ಸ್ನಾನ ಮಾಡ್ತೀನಿ, ನೀನು ಹೋಗಿ ಬರಿ. ಒಂದೇ ಸಲ ಮಾಡೋದು ನಾನು."

ನಡುಕ ನಿಲ್ಲುವ ತನಕ ಹಾಗೇ ನಿಂತಿದ್ದರು. ಅದು ನಿಂತಿತು. ನಿಲ್ಲುತ್ತದೆ ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಹುಡುಗಿ ಕೈ ಒರೆಸಿಕೊಳ್ಳಲಿಲ್ಲ. ಹಾಗೆಯೇ ಹೋಗಿ ಸ್ಕೂಟರಿನ ಹಿಂದೆ ಕೂತು, ಅದೇ ಕೈಯಿಂದ ಅಪ್ಪನ ಭುಜ ಹಿಡಿದುಕೊಂಡಳು. ಅವಳು ಬರೆದದ್ದು, ಎರಡು ಕಡೆ ಹೊಡೆದು ಹಾಕಿ ಬಂದೆ ಎಂದು ಗಣಿತದ ಮೇಡಂ ಹತ್ತಿರ ಜಂಬ ಕೊಚ್ಚಿಕೊಂಡದ್ದು, ಪಾಸಾದದ್ದು ಎಲ್ಲ ಆಮೇಲಿನ ಮಾತು.

ಅಜ್ಜಿ ಬಚ್ಚಲಿಗೆ ಹೋದರು. ನಾನೂ ತಾಯಿಯೂ ಹಾಲಿನಲ್ಲಿ ಕೂತಿದ್ದೆವು. ತಂಬಿಗೆಯಿಂದ ನೀರು ಸುರಿದುಕೊಳ್ಳುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ನಿಂತಿತು. ಬಾಗಿಲು ತೆರೆಯಿತು.

"ಹೋದ್ಲಾ?" ಎಂದರು ಅಜ್ಜಿ.

"ಹೋದ್ಲು ಅಜ್ಜಿ. ನಿಮ್ಮದು?"

"ಆಯ್ತು" ಎಂದು ಅವರು ಗಳದ ಮೇಲಿನ ಇನ್ನೊಂದು ಮಡಿ ಸೀರೆಗೆ ಕೋಲು ಎತ್ತಿದರು.